ಸ್ಕೌಟ್ ಮೇಷ್ಟ್ರಿಗೂ ಒಬ್ಬ ಮೇಷ್ಟ್ರು ಬೇಕು

ಆಗಸ್ಟ್ 15 ಬಂತು ಅಂದ್ರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಲ್ಲ ಕಡೆನೂ ಕೊರಳಿಗೆ ಸ್ಕಾರ್ಫು ಕಟ್ಕೊಂಡ ಮಕ್ಕಳು ಸಾಲಾಗಿ ನಡೆಯೋದು ನೋಡ್ತೀವಿ. ನೋಡೋಕೆ ಚೆಂದ. ಆದ್ರೆ ಆ ಮಕ್ಕಳ ಮುಂದೆ ನಿಂತಿರೋ ಮೇಷ್ಟ್ರು, ಮೇಡಮ್ಮು ಇದನ್ನ ಎಲ್ಲಿ ಕಲಿತ್ರು ಅಂತ ನಾವ್ಯಾರೂ ಕೇಳಲ್ಲ. ದೊಡ್ಡೋರಿಗೂ ಒಂದು ತರಬೇತಿ ಐತೆ, ಅದಕ್ಕೆ ನೂರು ವರ್ಷ ದಾಟಿದ ಕತೆ ಐತೆ. ಇವತ್ತು ಅದನ್ನೇ ಬರೀತೀನಿ.

ಸ್ಕೌಟು ಶುರುವಾಗಿದ್ದು ಇಂಗ್ಲೆಂಡಿನಲ್ಲಿ. ಬೇಡನ್ ಪೊವೆಲ್ ಅನ್ನೋ ಸೇನಾಧಿಕಾರಿ 1907ರಲ್ಲಿ ಬ್ರೌನ್‌ಸೀ ಅನ್ನೋ ಸಣ್ಣ ದ್ವೀಪದಲ್ಲಿ ಇಪ್ಪತ್ತರಷ್ಟು ಹುಡುಗರನ್ನ ಸೇರಿಸಿ ಶಿಬಿರ ಮಾಡಿದ್ರು. 1908ರಲ್ಲಿ ಪುಸ್ತಕ ಬರೆದ್ರು. ಅದು ಕಂತು ಕಂತಾಗಿ ಬರ್ತಿದ್ದಂಗೆ ಹುಡುಗರೇ ಕೊಂಡು ಓದಿ, ತಾವೇ ಗುಂಪು ಕಟ್ಕೊಂಡು, ಆಮೇಲೆ ನಮಗೊಬ್ರು ದೊಡ್ಡೋರು ಬೇಕು ಅಂತ ಹುಡುಕ್ಕೊಂಡು ಹೋದ್ರು. ಅಂದ್ರೆ ಮಕ್ಕಳು ಮೊದಲು ಬಂದ್ರು, ಮೇಷ್ಟ್ರು ಆಮೇಲೆ ಬಂದ್ರು. ಬಂದ ದೊಡ್ಡೋರಿಗೆ ಮನಸ್ಸೇನೋ ಇತ್ತು, ಮಾಡೋದು ಹೆಂಗೆ ಅಂತ ಗೊತ್ತಿರಲಿಲ್ಲ. ಬರೀ ಡ್ರಿಲ್ಲು ಮಾಡಿಸೋದೇ ಸ್ಕೌಟು ಅಂದ್ಕೊಂಡೋರೂ ಇದ್ರು. ಬೇಡನ್ ಪೊವೆಲ್‌ಗೆ ಅದು ಹಿಡಿಸ್ತಿರಲಿಲ್ಲ.

ಲಂಡನ್ ಹತ್ರ ಗಿಲ್ವೆಲ್ ಪಾರ್ಕ್ ಅಂತ ಒಂದು ಜಾಗ ಐತೆ. ಮ್ಯಾಕ್ಲಾರೆನ್ ಅನ್ನೋ ದಾನಿ ಪಟ್ಟಣದ ಬಡ ಹುಡುಗರು ಬಂದು ಡೇರೆ ಹಾಕ್ಲಿ ಅಂತ ಅದನ್ನ ಕೊಡಿಸಿದ್ರು. ದೊಡ್ಡೋರ ತರಬೇತಿನೂ ಅಲ್ಲೇ ಆಗ್ಲಿ ಅಂತ ಬೇಡನ್ ಪೊವೆಲ್ ಕೇಳಿದ್ರು. 1919ರ ಸೆಪ್ಟೆಂಬರಿನಲ್ಲಿ ಒಂದಿಷ್ಟು ಜನ ಅಲ್ಲಿ ಸೇರಿದ್ರು. ಅವರಿಗೆ ಭಾಷಣ ಕೇಳಿಸಿ ಕಳಿಸಲಿಲ್ಲ. ಪೆಟ್ರೋಲ್ ಮಾಡಿ ಹಂಚಿದ್ರು. ಇದು ಗಾಡಿಗೆ ಹಾಕೋ ಪೆಟ್ರೋಲ್ ಅಲ್ಲ, ಆರೆಂಟು ಜನದ ಗುಂಪು, ಅದಕ್ಕೊಬ್ಬ ನಾಯಕ. ದೊಡ್ಡೋರೇ ಡೇರೆ ಹಾಕಿ, ಸೌದೆ ತಂದು, ಅಡುಗೆ ಮಾಡ್ಕೊಂಡು, ಹುಡುಗರ ಥರ ಇರ್ಬೇಕು. ಮುಗಿಸಿದೋರಿಗೆ ಎರಡು ಮರದ ಮಣಿ. ಮೊದಲ ಮಣಿಗಳು ಆಫ್ರಿಕಾದ ಜುಲು ದೊರೆ ದಿನುಜುಲುವಿನ ಸರದ್ದು ಅಂತ ಹೇಳ್ತಾರೆ. ಅದಕ್ಕೇ ವುಡ್ ಬ್ಯಾಡ್ಜ್ ಅಂತ ಹೆಸರು. ನಮ್ಮ ದೇಶದಲ್ಲಿ ಅದು ಹಿಮಾಲಯ ವುಡ್ ಬ್ಯಾಡ್ಜ್ ಆಗೈತೆ.

ನಮ್ಮ ಕಡೆಗೆ ಇದು ಬಂದಿದ್ದು ಬೇಗ. 1909ರಲ್ಲೇ ಕ್ಯಾಪ್ಟನ್ ಬೇಕರ್ ಬೆಂಗಳೂರಲ್ಲಿ ಒಂದು ದಳ ಕಟ್ಟಿದ್ರು. ಆದ್ರೆ ಅದು ಇಂಗ್ಲಿಷರ, ಆಂಗ್ಲೋ ಇಂಡಿಯನ್ನರ ಮಕ್ಕಳಿಗೆ ಮಾತ್ರ. ನಮ್ಮ ಮಕ್ಕಳು ಬೇಲಿ ಆಚೆ ನಿಂತು ನೋಡ್ಬೇಕಿತ್ತು. ಆಗ ಆನಿ ಬೆಸೆಂಟಮ್ಮ, ಅರುಂಡೇಲ್ ಸೇರಿ 1916ರಲ್ಲಿ ಮದ್ರಾಸಿನಲ್ಲಿ ಭಾರತದ ಮಕ್ಕಳಿಗೇ ಅಂತ ಬೇರೆ ಸಂಘ ಕಟ್ಟಿದ್ರು. 1917ರಲ್ಲಿ ಮೈಸೂರು ಸಂಸ್ಥಾನದಲ್ಲೂ ಸ್ಕೌಟು ಶುರುವಾಯ್ತು. ಸ್ವಾತಂತ್ರ್ಯ ಬಂದ ಮೇಲೆ ಬೇರೆ ಬೇರೆ ಸಂಘಗಳು ಒಂದಾಗಿ 1950ರ ನವೆಂಬರ್ 7ಕ್ಕೆ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯ್ತು. ಹೆಣ್ಣುಮಕ್ಕಳ ಗೈಡ್ಸ್ ಸಂಘ 1951ರಲ್ಲಿ ಬಂದು ಸೇರ್ಕೊಂಡ್ತು.

ಬೇಲಿ ಬಿದ್ದ ಮೇಲೆ ಊರೂರಿನ ಮಕ್ಕಳಿಗೆ ಕಲಿಸೋಕೆ ನಮ್ಮ ಭಾಷೆ ಆಡೋ, ನಮ್ಮ ಮಕ್ಕಳ ಹಸಿವು ಗೊತ್ತಿರೋ ದೊಡ್ಡೋರು ಬೇಕಾಯ್ತು. ಅವರನ್ನ ತಯಾರು ಮಾಡೋ ಜಾಗ ನಮ್ಮ ರಾಜ್ಯದಲ್ಲೇ ಅವೆ. ದೊಡ್ಡಬಳ್ಳಾಪುರದಲ್ಲಿ ಬೆಸೆಂಟಮ್ಮನ ಹೆಸರಿನದೇ ಒಂದು ಪಾರ್ಕ್ ಐತೆ. ದಾವಣಗೆರೆ ಕಡೆ ಕೊಂಡಜ್ಜಿಯಲ್ಲಿ ಇನ್ನೊಂದು ಐತೆ.

ನಮ್ಮ ಓರಗಿತ್ತಿ ಇಸ್ಕೂಲ್ ಮೇಡಮ್ಮು. ಎರಡು ಮಕ್ಕಳನ್ನ ಅತ್ತೆ ಹತ್ರ ಬಿಟ್ಟು ಏಳು ದಿನ ಗೈಡ್ ಕ್ಯಾಪ್ಟನ್ ತರಬೇತಿಗೆ ಹೋಗಿದ್ಲು. ಬಂದು ಹೇಳಿದ್ದು ಇಷ್ಟು: ‘ಅಕ್ಕ, ಅಲ್ಲಿ ನಾನು ಮೇಡಮ್ಮೂ ಅಲ್ಲ, ಸೊಸೆನೂ ಅಲ್ಲ. ನನಗಿಂತ ಹತ್ತು ವರ್ಷ ಸಣ್ಣೋಳು ಪೆಟ್ರೋಲ್ ಲೀಡರು. ಅವಳು ಪಾತ್ರೆ ತೊಳಿ ಅಂದ್ರೆ ತೊಳೀಬೇಕು. ಮೊದಲ ದಿನ ಸಿಟ್ಟು ಬಂತು. ಮೂರನೇ ದಿನಕ್ಕೆ ಗೊತ್ತಾಯ್ತು, ನನ್ನ ಕ್ಲಾಸಿನ ಮಕ್ಕಳಿಗೂ ಹಿಂಗೇ ಆಗ್ತೈತೆ ಅಂತ.’

ನನಗೆ ತಿಳಿದಂಗೆ ಈ ತರಬೇತಿಯ ಸಾರ ಇಷ್ಟೇ. ಮಕ್ಕಳಿಗೆ ನಾಯಕತ್ವ ಕಲಿಸೋರು ಮೊದಲು ಇನ್ನೊಬ್ರ ಮಾತು ಕೇಳಿ ಬದುಕಿ ನೋಡ್ಬೇಕು. ಆಮೇಲೆ ಕೆಲಸ ಮಕ್ಕಳ ಕೈಗೆ ಕೊಟ್ಟು ತಾವು ಹಿಂದೆ ಸರೀಬೇಕು. ಒಂದೇ ಸಲಕ್ಕೆ ಮುಗಿಯೋದೂ ಅಲ್ಲ. ಬೇಸಿಕ್ ಆದ್ಮೇಲೆ ಊರಿಗೆ ಬಂದು ದಳ ನಡೆಸ್ಬೇಕು, ಆಮೇಲೆ ಅಡ್ವಾನ್ಸ್, ಕಡೆಗೆ ಮಣಿ. ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂತು ಕೊಬ್ಬರಿ ಆಗೋ ಹಂಗೆ. ಅವಸರಕ್ಕೆ ಒಡೆದ್ರೆ ಹಸಿ ಕಾಯೇ ಸಿಗೋದು.

ಗಂಟು ಕಟ್ಟೋದು ನಮ್ಮೋರಿಗೆ ಹೊಸದಲ್ಲ. ಹಸು ಕಟ್ಟೋ ಗಂಟು, ಹೊರೆ ಬಿಗಿಯೋ ಗಂಟು ನಮ್ಮ ಮಾವನೋರಿಗೆ ಕಣ್ಮುಚ್ಚಿದ್ರೂ ಬರ್ತಿತ್ತು. ಆದ್ರೆ ಮರದಿಂದ ಬಿದ್ದೋನನ್ನ ಹೆಂಗೆ ಎತ್ಬೇಕು ಅಂತ ಯಾರಿಗೂ ಬರ್ತಿರಲಿಲ್ಲ. ಕೈ ಕಾಲು ಹಿಡಿದು ದರದರ ಎತ್ಕೊಂಡು ಹೋಗೋರು. ಬೆನ್ನುಮೂಳೆಗೆ ಏಟಾಗಿದ್ರೆ ಅದರಿಂದಲೇ ಇನ್ನಷ್ಟು ಕೆಡ್ತೈತೆ. ಅಲ್ಲಾಡಿಸದೆ ಮಲಗಿಸಿ, ಆಂಬುಲೆನ್ಸ್‌ಗೆ ಹೇಳಿ ಕಳಿಸೋದು, ಎತ್ಲೇಬೇಕಾದ್ರೆ ನಾಲ್ಕು ಜನ ಸೇರಿ ಮೈ ನೆಟ್ಟಗಿಟ್ಟು ಎತ್ತೋದು, ಹಾವು ಕಚ್ಚಿದ ಜಾಗ ಕುಯ್ಯದೆ ಆಸ್ಪತ್ರೆಗೆ ಸಾಗ್ಸೋದು, ಇವೆಲ್ಲ ತೆಂಗಿನ ತೋಟದ ನಡುವೆ ಬೆಳೆಯೋ ಮಕ್ಕಳಿಗೆ ಬೇಕೇ ಬೇಕು. ಕಲಿಸೋರಿಗೆ ಬಂದ್ರೆ ತಾನೆ ಮಕ್ಕಳಿಗೆ ಬರೋದು?

ಆದ್ರೆ ಆಗ್ತಿರೋದೇನು? ನಮ್ಮ ಕಡೆ ಒಂದು ಇಸ್ಕೂಲಲ್ಲಿ ತರಬೇತಿ ಆದ ಮೇಷ್ಟ್ರಿಗೆ ವರ್ಗ ಆಯ್ತು. ಅವರ ಜಾಗಕ್ಕೆ ಯಾರನ್ನೂ ತರಬೇತಿಗೆ ಕಳಿಸಲಿಲ್ಲ. ಯೂನಿಫಾರಂ ದುಡ್ಡು ಮಾತ್ರ ವರ್ಷಾ ವರ್ಷ ಕಟ್ಟಿಸ್ಕೊಂಡ್ರು. ಸ್ಕಾರ್ಫು ಹಾಕ್ಕೊಂಡ ಮಕ್ಕಳ ಕೆಲಸ ಏನಪ್ಪಾ ಅಂದ್ರೆ ಅತಿಥಿಗಳು ಬಂದಾಗ ಬಿಸಿಲಲ್ಲಿ ನಿಂತು ಹಾರ ಹಿಡ್ಕೊಳ್ಳೋದು. ಆ ಮಕ್ಕಳು ಬೇಲಿ ಒಳಗೆ ಬಂದೂ ಆಚೆ ನಿಂತಂಗೇ ಆಯ್ತು.

ಮೇಷ್ಟ್ರುಗಳನ್ನ ಬೈಯೋಕಲ್ಲ ಇದನ್ನ ಬರೆದಿದ್ದು. ದಳ ನಡೆಸೋದಕ್ಕೆ ಅವರಿಗೆ ಬೇರೆ ಸಂಬಳ ಇಲ್ಲ, ಪಾಠದ ಜೊತೆಗೆ ಇದನ್ನೂ ಹೊರ್ತಾರೆ. ಮನೆಯವರು ಒಂದು ವಾರ ಮಕ್ಕಳನ್ನ ನೋಡ್ಕೊಂಡ್ರೆ ಇನ್ನೊಬ್ಬ ಮೇಡಮ್ಮು ಹೋಗಿ ಬರ್ತಾರೆ. ಇನ್ನು ತಾಯಂದಿರು ಮಾಡೋದು ಇಷ್ಟೇ: ಇಸ್ಕೂಲಲ್ಲಿ ಯೂನಿಫಾರಂ ದುಡ್ಡು ಕೇಳಿದಾಗ ಕೊಡಿ, ಕೊಡೋ ಮುಂಚೆ ಒಂದು ಮಾತು ಕೇಳಿ, ‘ತರಬೇತಿ ಆಗಿರೋರು ಯಾರವ್ರೆ ಸಾರ್?’