ಹರಿಹರದ ಲೇತು, ಖಡಕಿಯ ಎಂಜಿನ್

ಪುಣೆಯ ಸ್ವಾರಗೇಟಿನಿಂದ ಹೊರಡುವ ಸಾತಾರಾ ರಸ್ತೆಯನ್ನೇ ಹಿಡಿದು ಹೋದರೆ ಕೊಲ್ಹಾಪುರ ದಾಟಿ ಬೆಳಗಾವಿ ಸಿಗುತ್ತದೆ. ನಮ್ಮ ಕಡೆಯ ಹುಬ್ಬಳ್ಳಿ, ಬೆಳಗಾವಿ ಬಸ್ಸುಗಳು ಬಂದು ನಿಲ್ಲುವುದೂ ಸ್ವಾರಗೇಟಿನಲ್ಲೇ. ಆ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನ ಲೇತ್ ಅಂಗಡಿ ಇದೆ. ಬಾವಿಗಟ್ಟೆಯ ಮೇಲೆ ತುಕ್ಕು ಹಿಡಿದು ಕೂತ ಡೀಸೆಲ್ ಎಂಜಿನ್‌ಗಳನ್ನು ಬಿಚ್ಚಿ ಮತ್ತೆ ನಡೆಸುವುದು ನನ್ನ ಕಸುಬು. ಅವುಗಳಲ್ಲಿ ಹೆಚ್ಚಿನವು ಕಿರ್ಲೋಸ್ಕರ್. ಬಿಚ್ಚುತ್ತ ಬಿಚ್ಚುತ್ತ ನನಗೆ ಮನವರಿಕೆಯಾದದ್ದು ಒಂದೇ: ಇದು ಕಾರ್ಖಾನೆಯಲ್ಲಿ ಹುಟ್ಟಿದ್ದರೂ ಇದರ ಬುದ್ಧಿ ಮಾತ್ರ ರಿಪೇರಿ ಅಂಗಡಿಯದು.

ಹಾಗೆನ್ನಲು ಕಾರಣವಿದೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಚಿತ್ರಕಲೆ ಕಲಿಯಲು ಮುಂಬಯಿಗೆ ಹೋದ ಹುಡುಗನಿಗೆ ಬಣ್ಣಗುರುಡು ಅಡ್ಡ ಬಂತು. ಬಣ್ಣ ಬಿಟ್ಟು ಯಂತ್ರಗಳ ನಕಾಶೆ ಹಿಡಿದರು. 1888ರಲ್ಲಿ ಬೆಳಗಾವಿಯಲ್ಲಿ ಶುರುವಾದದ್ದು ಸೈಕಲ್ ಅಂಗಡಿ. ಸೈಕಲ್ ಮಾರುವುದು, ಕೆಟ್ಟರೆ ಸರಿಮಾಡಿ ಕೊಡುವುದು. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ನೆಲಕ್ಕೆ ವಿಷವೇರುತ್ತದೆ ಎಂದು ಹಿಂಜರಿದ ರೈತರೇ ನೇಗಿಲಿನ ಮೊದಲ ಗಿರಾಕಿಗಳಾಗಬೇಕಿತ್ತು. ಬೆಳಗಾವಿಯ ಜಾಗ ಬಿಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ರಾಜರು ಕುಂಡಲ ರೋಡ್ ಬಳಿ ಕಲ್ಲು-ಕಳ್ಳಿಯ ಬಂಜರು ಭೂಮಿ ಕೊಟ್ಟರು. 1910ರಲ್ಲಿ ಅದೇ ಕಿರ್ಲೋಸ್ಕರವಾಡಿ ಆಯಿತು. ಅವರ ಮಗ ಶಂತನುರಾಯರು ಅಮೆರಿಕದಲ್ಲಿ ಎಂಜಿನಿಯರಿಂಗ್ ಓದಿ ಬಂದರು. 1946ರಲ್ಲಿ ಪುಣೆಯ ಖಡಕಿಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಶುರುವಾಯಿತು. ಅದಕ್ಕೂ ಮೊದಲೇ, 1941ರಲ್ಲಿ, ನಮ್ಮ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಹುಟ್ಟಿತ್ತು. ಅಲ್ಲಿ ಲೇತ್ ಯಂತ್ರಗಳು ತಯಾರಾದವು. ಆ ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿದೆ. ಅಲ್ಲಿನ ಲೇತ್ ನನ್ನ ಅಂಗಡಿಯಲ್ಲಿ ಇವತ್ತಿಗೂ ದಿನಾ ತಿರುಗುತ್ತದೆ.

ಈಚೆಗೆ ಜತ್ತ ತಾಲ್ಲೂಕಿನ ರೈತರೊಬ್ಬರು ಟೆಂಪೋದಲ್ಲಿ ಒಂದು ಎಂಜಿನ್ ತಂದಿಳಿಸಿದರು. ಕನ್ನಡದವರು.

"ಗುಜರಿಯಾಂವ ಕಿಲೋ ಲೆಕ್ಕದಾಗ ಕೇಳಾಕತ್ತಾನ್ರಿ ಅಣ್ಣಾರ. ನಮ್ಮಪ್ಪ ಇದರ ಮ್ಯಾಲ ನೀರ ಎತ್ತಿ ನಮ್ಮನ್ನ ಸಾಲಿ ಕಲಿಸ್ಯಾನ. ಹೆಂಗ ಕೊಡ್ಲಿ?"

ಅದು ಎವಿ-1: ಒಂದೇ ಸಿಲಿಂಡರು, ನೀರಿನಿಂದ ತಂಪಾಗುವಂಥದ್ದು, ನಿಮಿಷಕ್ಕೆ 1500 ಸುತ್ತಿನಲ್ಲಿ 5 ಅಶ್ವಶಕ್ತಿ. ಸಿಲಿಂಡರಿನ ಅಗಲ 80 ಮಿ.ಮೀ., ಪಿಸ್ಟನ್ನಿನ ಓಟ 110. ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಯಲ್ಲಿ ಹೊಂಗೆ ಎಣ್ಣೆಯನ್ನೋ ಬೇವಿನೆಣ್ಣೆಯನ್ನೋ ಸುಟ್ಟು ನೋಡುವ ಹುಡುಗರಿಗೆ ಈ ಅಂಕಿಗಳು ಬಾಯಿಪಾಠ.

ಹ್ಯಾಂಡಲ್ ಒಂದಿಂಚೂ ಅಲುಗಲಿಲ್ಲ. ಇಂಥವು ಜಾಮ್ ಆಗುವ ಬಗೆ ಬಹುಮಟ್ಟಿಗೆ ಒಂದೇ. ಬಾವಿಗೆ ಕರೆಂಟು ಬರುತ್ತದೆ, ಎಂಜಿನ್ ಮೂಲೆಗೆ ಸರಿಯುತ್ತದೆ, ಹೊಗೆ ಪೈಪಿನ ಬಾಯಿ ಆಕಾಶ ನೋಡುತ್ತ ಉಳಿಯುತ್ತದೆ. ನಿಂತ ಗಳಿಗೆಯಲ್ಲಿ ಹೊಗೆಯ ವಾಲ್ವ್ ತೆರೆದಿದ್ದರೆ ಮಳೆನೀರು ನೇರ ಪಿಸ್ಟನ್ ತಲೆಯ ಮೇಲೆ. ರಿಂಗು, ಲೈನರ್ ಎರಡೂ ತುಕ್ಕಿನಲ್ಲಿ ಒಂದಾಗಿಬಿಡುತ್ತವೆ. ಕರಾವಳಿಯಲ್ಲಿ ನಾಡದೋಣಿಯ ಹಿಂದೆ ಕಟ್ಟುವ ಸೀಮೆಎಣ್ಣೆ ಮೋಟಾರಿಗೆ ಕಡಲ ಉಪ್ಪು ಶತ್ರು. ಒಳನಾಡಿನ ಈ ಎಂಜಿನ್‌ಗೆ ಮಳೆ ಮತ್ತು ಬಾವಿಯ ಗಡಸು ನೀರು.

ಗಾಲಿಗೆ ರಾಡು ಸಿಕ್ಕಿಸಿ ಬಲಪ್ರಯೋಗ ಮಾಡುವವರಿದ್ದಾರೆ. ಕನೆಕ್ಟಿಂಗ್ ರಾಡು ಬಾಗಿದರೆ ಮುಗಿಯಿತು. ನಾನು ಹೆಡ್ ತೆಗೆದು, ಡೀಸೆಲ್ ಮತ್ತು ಸೀಮೆಎಣ್ಣೆ ಬೆರೆಸಿ ಪಿಸ್ಟನ್ ಮೇಲೆ ಸುರಿದು ಬಿಡುತ್ತೇನೆ. ದಿನಾ ಒಂದಿಷ್ಟು ಹೊಸದು. ಎಣ್ಣೆ ಕೆಳಗಿಳಿಯತೊಡಗಿದ ಮೇಲೆ ಮರದ ತುಂಡಿಟ್ಟು ಮೆಲ್ಲಗೆ ಬಡಿಯುವುದು. ಇದರಲ್ಲಿ ಅವಸರ ಮಾಡಿದವನು ಎಂಜಿನ್ ಕೆಡಿಸುತ್ತಾನೆ.

ಬಿಟ್ಟುಕೊಂಡಿತು. ಲೈನರ್ ತುಂಬ ಗೀರು. ಇಲ್ಲೇ ನನಗೆ ಆ ಸೈಕಲ್ ಅಂಗಡಿ ನೆನಪಾಗುವುದು: ಲೈನರನ್ನು ಬೇರೆಯೇ ಕೊಳವೆಯಾಗಿ ಕೂರಿಸಿದ್ದಾರೆ, ಹೊರಗೆಳೆದು ಹೊಸದು ಹಾಕಬಹುದು. ಸಿಲಿಂಡರ್ ಸವೆಯಿತೆಂದು ಇಡೀ ಎಂಜಿನ್ ಎಸೆಯಬೇಕಿಲ್ಲ. ಕರೆಂಟಿಲ್ಲದ, ಗ್ಯಾರೇಜಿಲ್ಲದ ಊರಿನಲ್ಲಿ, ಬೇವಿನ ಮರದ ನೆರಳಲ್ಲಿ, ನಾಲ್ಕಾರು ಪಾನಾ ಇಟ್ಟುಕೊಂಡವನು ಬಿಚ್ಚುತ್ತಾನೆ ಎಂಬ ಅರಿವು ಇದರ ಒಂದೊಂದು ನಟ್ಟಿನಲ್ಲಿದೆ. ಈಗಿನ ಎಷ್ಟೋ ಯಂತ್ರಗಳನ್ನು ತೆರೆಯಲೂ ಬರುವುದಿಲ್ಲ. ಅವನ್ನು ಮಾಡಿದವರು ಬಳಸುವವನ ಕೈಯನ್ನು ನಂಬಿಲ್ಲ ಎಂದೇ ನನ್ನ ದೂರು.

ನೀರಿನ ಜಾಕೆಟ್ಟಿನಲ್ಲಿ ಗಟ್ಟಿ ಸುಣ್ಣ ಕಟ್ಟಿತ್ತು, ಕೆರೆದು ತೆಗೆದದ್ದಾಯಿತು. ಗಜನ್ ಪಿನ್ನಿನ ಬುಶ್ ಸವೆದಿತ್ತು. ಗನ್‌ಮೆಟಲ್ ತುಂಡೊಂದನ್ನು ಹರಿಹರದ ಲೇತಿಗೆ ಕಟ್ಟಿ ಹೊಸದು ಕಡೆದೆ. ಗುರ್ಲಹೊಸೂರಿನ ಒಂದೇ ಮನೆತನ ಕಟ್ಟಿದ ಎರಡು ಕಾರ್ಖಾನೆಗಳ ಮಾಲು ಹಾಗೆ ನನ್ನ ಕೈಯಲ್ಲಿ ಸೇರಿದಾಗ ಆದ ಸಂತೋಷವನ್ನು ಮುಚ್ಚಿಡಲಾರೆ. ನಾಝಲ್‌ನಿಂದ ಡೀಸೆಲ್ ತೊಟ್ಟಿಕ್ಕುತ್ತಿತ್ತು. ಅದು ಸುಮಾರು 200 ಕಿಲೋ ಒತ್ತಡದಲ್ಲಿ ಮಂಜಿನ ಹಾಗೆ ಚಿಮ್ಮಬೇಕು. ತೊಟ್ಟಿಕ್ಕಿದರೆ ಕಪ್ಪು ಹೊಗೆ ಬಂದು, ದಿನ ಕಳೆದಂತೆ ಪಿಸ್ಟನ್ನೂ ಸುಡುತ್ತದೆ. ನಾಝಲ್ ಬದಲಿಸಿ, ಪೈಪಿನ ಗಾಳಿ ತೆಗೆದು, ಡಿಕಂಪ್ರೆಷನ್ ಲಿವರ್ ಎತ್ತಿ ಹ್ಯಾಂಡಲ್ ತಿರುವಿದೆ. ವೇಗ ಬಂದಾಗ ಲಿವರ್ ಬಿಟ್ಟೆ. ಎಂಜಿನ್ ಹಿಡಿಯಿತು. ರೈತರು ಗಾಲಿಯತ್ತ ನೋಡಲಿಲ್ಲ, ಹೊಗೆ ಪೈಪಿನತ್ತ ನೋಡಿದರು. ಅಪ್ಪನ ಕಾಲದಿಂದ ಅವರಿಗೆ ಹೊಗೆಯ ಬಣ್ಣ ಓದುವುದು ಗೊತ್ತು.

ಪೂರ್ತಿ ತಿಕ್ಕಿ ಹೊಸ ಬಣ್ಣ ಬಳಿಯಿರಿ ಎಂದರು. ತುಕ್ಕಿದ್ದಲ್ಲಿ ಬಳಿದುಕೊಟ್ಟೆ, ಹೆಸರಿನ ತಗಡಿಗೆ ಮಾತ್ರ ಕೈ ಹಚ್ಚಲಿಲ್ಲ. ಎಂಜಿನ್ನಿನ ನಂಬರು ಅದರ ಮೇಲಿದೆ. ಉಜ್ಜಿದರೆ ಅದು ಅಳಿಸಿಹೋಗುತ್ತದೆ, ನಾಳೆ ಬಿಡಿಭಾಗ ಕೇಳಲು ಹೋದವನಿಗೆ ಅದೇ ಬೇಕು. ತಿಂಗಳಿಗೊಮ್ಮೆ ನಡೆಸಿ, ನಿಲ್ಲಿಸಿದ ಮೇಲೆ ಹೊಗೆ ಪೈಪಿಗೆ ಒಂದು ಡಬ್ಬಿ ಬೋರಲು ಹಾಕಿ ಎಂದು ಹೇಳಿ ಟೆಂಪೋ ಹತ್ತಿಸಿದೆ.