ಓಡುವವರು ಇದ್ದಾರೆ, ಗಡಿಯಾರ ಎಲ್ಲಿ?

ಇವತ್ತು ರಾಜಕೀಯ ಬೇಡ. ಒಂದು ಫೋನ್ ಕರೆಯಿಂದ ಶುರು ಮಾಡ್ತೀನಿ.

ಮೊನ್ನೆ ರಾತ್ರಿ ಬುಲೆಟಿನ್ ಮುಗಿಸಿ ಹೊರಗೆ ಬಂದಿದ್ದೆ. ನಮ್ಮ ಮಂಡಿಕಲ್ ಕಡೆಯಿಂದ ಒಬ್ಬ ಹುಡುಗ ಫೋನ್ ಮಾಡಿದ. "ಅಣ್ಣಾ, ನಮ್ಮೂರಲ್ಲಿ ಒಬ್ಬ ಹುಡುಗ ನೂರು ಮೀಟರ್‌ನ ಹತ್ತೂವರೆ ಸೆಕೆಂಡಲ್ಲಿ ಓಡ್ತಾನೆ. ಬರಿಗಾಲಲ್ಲಿ! ವಿಡಿಯೋ ಕಳಿಸ್ತೀನಿ, ಟೀವಿಲಿ ಹಾಕಿ. ಒಲಿಂಪಿಕ್ಸ್‌ಗೆ ಕಳಿಸಬೇಕು ಅಂತ ನೀವು ಒಂದು ಮಾತು ಹೇಳಿ."

ನಾನು ಕೇಳಿದೆ, "ಟೈಮ್ ಯಾರಪ್ಪ ನೋಡಿದ್ದು?"

"ನಾನೇ ಅಣ್ಣಾ, ಮೊಬೈಲಲ್ಲಿ."

"ನೂರು ಮೀಟರ್ ಅಳೆದಿದ್ದು ಯಾರು?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹೆಜ್ಜೆ ಲೆಕ್ಕದಲ್ಲಿ ಅಣ್ಣಾ."

ನಗಬೇಡಿ. ನಾನೂ ನಗಲಿಲ್ಲ. ಯಾಕಂದ್ರೆ ಹೆಜ್ಜೆ ಲೆಕ್ಕದಲ್ಲಿ ಅಳೆದು ವಿಶ್ವದಾಖಲೆ ಘೋಷಿಸಿದ ಪಾಪ ನಮ್ಮ ಟೀವಿ ಚಾನೆಲ್‌ಗಳ ತಲೆಯ ಮೇಲೂ ಇದೆ. 2020ರ ಫೆಬ್ರವರಿ ನೆನಪಿದೆಯಾ? ದಕ್ಷಿಣ ಕನ್ನಡದ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಕೂತು ಭಾಗಾಕಾರ ಮಾಡಿದರು. ನೂರು ಮೀಟರಿಗೆ 9.55 ಸೆಕೆಂಡ್ ಅಂತ ಬಂತು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಮಾಡಿದ ವಿಶ್ವದಾಖಲೆ 9.58. ಅಷ್ಟೇ ಸಾಕಾಯ್ತು. 'ಬೋಲ್ಟ್‌ನನ್ನೇ ಮೀರಿಸಿದ ಕನ್ನಡಿಗ' ಅಂತ ಎಲ್ಲರೂ ಕೂಗಿದೆವು. ಕೇಂದ್ರ ಕ್ರೀಡಾ ಸಚಿವರಾಗಿದ್ದ ಕಿರಣ್ ರಿಜಿಜು ಅವರು ಟ್ರಯಲ್ಸ್‌ಗೆ ಕರೆಸ್ತೀವಿ ಅಂದರು. ಆ ಗದ್ದಲದಲ್ಲಿ ತಲೆ ನೆಟ್ಟಗಿದ್ದ ಒಬ್ಬರೇ ಒಬ್ಬರು ಅಂದ್ರೆ ಶ್ರೀನಿವಾಸ ಗೌಡರೇ. ಕಂಬಳದ ಓಟ ಬೇರೆ, ಟ್ರ್ಯಾಕ್ ಓಟ ಬೇರೆ, ನಾನು ಬರಲ್ಲ ಅಂದುಬಿಟ್ಟರು. ಮುಂದೆ ಕೋಣಗಳಿವೆ, ಕೆಳಗೆ ಕೆಸರಿದೆ, ಓಟದ ಅರ್ಧ ಶಕ್ತಿ ಹಗ್ಗದಲ್ಲಿದೆ. ಅವರಿಗೆ ಗೊತ್ತಿದ್ದದ್ದು ನಮಗೆ ಗೊತ್ತಿರಲಿಲ್ಲ. ಅದಕ್ಕೂ ಹಿಂದಿನ ವರ್ಷ ಮಧ್ಯಪ್ರದೇಶದ ಒಬ್ಬ ಹಳ್ಳಿ ಹುಡುಗ ರಸ್ತೆಯಲ್ಲಿ ಬರಿಗಾಲಲ್ಲಿ ಓಡಿದ ವಿಡಿಯೋ ದೇಶವೆಲ್ಲ ಸುತ್ತಿತು. ಭೋಪಾಲ್‌ಗೆ ಕರೆಸಿ ಓಡಿಸಿದರು, ಕೊನೆಯವನಾಗಿ ಬಂದ. ಆಮೇಲೆ ಅವನ ಸುದ್ದಿ ಯಾರೂ ಕೇಳಲಿಲ್ಲ.

ಹಾಗಾದರೆ ಒಲಿಂಪಿಕ್ಸ್‌ಗೆ ಹೋಗೋದು ಹೇಗೆ? ಬಾಗಿಲು ಯಾರು ತೆಗೀತಾರೆ? ನೂರು ವರ್ಷದ ಕಥೆ ಇದು. ಸ್ವಲ್ಪ ಹಿಂದಕ್ಕೆ ಹೋಗೋಣ.

1919, ಪುಣೆಯ ಡೆಕ್ಕನ್ ಜಿಮ್ಖಾನಾ. ಸರ್ ದೊರಾಬ್ಜಿ ಟಾಟಾ ಅಲ್ಲಿನ ಅಧ್ಯಕ್ಷರು. ಕ್ರೀಡಾಕೂಟದಲ್ಲಿ ಸುತ್ತಲಿನ ರೈತರ ಮಕ್ಕಳು ಬರಿಗಾಲಲ್ಲಿ ದೂರದ ಓಟ ಓಡುತ್ತಿದ್ದರು. ಇವರ ಸಮಯ ಯುರೋಪಿನ ಓಟಗಾರರ ಸಮಯಕ್ಕೆ ತೀರಾ ದೂರ ಇಲ್ಲವಲ್ಲ ಅನ್ನಿಸಿತು ಟಾಟಾ ಅವರಿಗೆ. ಮುಂಬೈ ಗವರ್ನರ್ ಜೊತೆ ಮಾತಾಡಿದರು, ಪತ್ರ ಬರೆದರು, ತಮ್ಮ ಜೇಬಿನಿಂದಲೂ ದುಡ್ಡು ಹಾಕಿದರು. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ನಾಲ್ವರು ಓಟಗಾರರು, ಇಬ್ಬರು ಕುಸ್ತಿಪಟುಗಳು ಹಡಗು ಹತ್ತಿದರು.

ಆ ತಯಾರಿಯ ಕಾಲದ ಒಂದು ಪ್ರಸಂಗವನ್ನು ಟಾಟಾ ಅವರೇ ಆಮೇಲೆ ಪತ್ರದಲ್ಲಿ ಬರೆದಿದ್ದಾರೆ. ಚಿಕ್ಕ ಓಟಕ್ಕೆ ಎಷ್ಟು ಸಮಯ ನಿಗದಿ ಮಾಡೋಣ ಅಂತ ಸಮಿತಿಯಲ್ಲಿ ಮಾತು ಬಂತು. ಹಿರಿಯ ಸದಸ್ಯರೊಬ್ಬರು ಒಂದೆರಡು ನಿಮಿಷ ಅಂತ ಲೆಕ್ಕ ಹಾಕಿದ್ದರಂತೆ. ಇದು ನಿಮಿಷದ ಮಾತಲ್ಲ ಸ್ವಾಮಿ, ಸೆಕೆಂಡಿನ ಹತ್ತನೇ ಒಂದು ಭಾಗದ ಮಾತು ಅಂತ ತಿಳಿದಾಗ ಅವರು ಬೆರಗಾದರಂತೆ. ನೂರು ವರ್ಷದ ನಂತರ ಮೊಬೈಲಿನಲ್ಲಿ ಟೈಮ್ ನೋಡುವ ನಮ್ಮೂರ ಹುಡುಗನಿಗೂ ಆ ಹಿರಿಯರಿಗೂ ಬಹಳ ಅಂತರ ಇಲ್ಲ ಅಲ್ವಾ?

ಆ ಆರು ಜನರಲ್ಲಿ ಒಬ್ಬರು ನಮ್ಮವರು. ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ. ಆಗಿನ್ನೂ ಹದಿನೆಂಟರ ಆಸುಪಾಸಿನ ಹುಡುಗ. ಆಂಟ್‌ವರ್ಪ್ ಮ್ಯಾರಥಾನ್ ಈಗಿನದಕ್ಕಿಂತ ಉದ್ದ, 42.75 ಕಿಲೋಮೀಟರ್. ಫಿನ್ಲೆಂಡಿನ ಹಾನೆಸ್ ಕೋಲೆಮೈನೆನ್ 2 ಗಂಟೆ 32 ನಿಮಿಷದಲ್ಲಿ ಗೆದ್ದರು. ನಮ್ಮ ಚೌಗುಲೆ 2 ಗಂಟೆ 50 ನಿಮಿಷದಲ್ಲಿ ಮುಗಿಸಿ 19ನೆಯವರಾದರು. ಪರದೇಶದ ಚಳಿ, ಪರದೇಶದ ಊಟ, ಮೊದಲ ಸಲ ಅಂಥ ಮೈದಾನ. ಹತ್ತೊಂಬತ್ತನೇ ಸ್ಥಾನ ಸಣ್ಣದಲ್ಲ ವೀಕ್ಷಕರೇ.

ಗಮನಿಸಿ, ಚೌಗುಲೆಗೆ ಈಗಿನ ಹಾಗೆ ಅರ್ಹತಾ ಸಮಯ ಅನ್ನೋ ಗೋಡೆ ಇರಲಿಲ್ಲ. ಆದರೆ ಇನ್ನೊಂದು ಗೋಡೆ ಇತ್ತು. ದುಡ್ಡಿದ್ದ, ಹೆಸರಿದ್ದ ಒಬ್ಬ ದೊಡ್ಡ ಮನುಷ್ಯನ ಕಣ್ಣಿಗೆ ಬೀಳಬೇಕಿತ್ತು. ಬಿದ್ದವರು ಆಂಟ್‌ವರ್ಪ್‌ಗೆ ಹೋದರು, ಬೀಳದವರು ಹೊಲಕ್ಕೆ ಹೋದರು. ಎಷ್ಟು ಜನ ಬೀಳಲಿಲ್ಲವೋ, ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಇನ್ನು 1948ಕ್ಕೆ ಬನ್ನಿ. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ಸ್, ಲಂಡನ್. ಫುಟ್‌ಬಾಲ್‌ನಲ್ಲಿ ನಮ್ಮ ತಂಡದ ಬಹುತೇಕರು ಬರಿಗಾಲಲ್ಲಿ ಆಡಿದ್ದು, ಫ್ರಾನ್ಸ್ ಎದುರು 1-2ರಲ್ಲಿ ಸೋತಿದ್ದು ಎಲ್ಲರಿಗೂ ಗೊತ್ತು. ಆ ಒಂದು ಗೋಲು ಹೊಡೆದ ರಾಮನ್ ಬೆಂಗಳೂರಿನವರು. ಆದರೆ ನಾನು ಹೇಳಹೊರಟಿದ್ದು ಬೆಂಗಳೂರಿನಲ್ಲಿ ಓದಿದ ಹೆನ್ರಿ ರೆಬೆಲ್ಲೋ ಕಥೆ. ಟ್ರಿಪಲ್ ಜಂಪ್ ಪಟು, ವಯಸ್ಸು ಹತ್ತೊಂಬತ್ತು. ಒಲಿಂಪಿಕ್ಸ್‌ಗೆ ಮುಂಚೆ ಅದೇ ವರ್ಷ 50 ಅಡಿ 2 ಇಂಚು, ಅಂದ್ರೆ 15.29 ಮೀಟರ್ ಜಿಗಿದಿದ್ದರು. ಲಂಡನ್‌ನಲ್ಲಿ ಪದಕ ಗ್ಯಾರಂಟಿ ಅಂತ ಜನ ಮಾತಾಡಿಕೊಳ್ಳುತ್ತಿದ್ದರು. ಅರ್ಹತಾ ಸುತ್ತು ದಾಟಿ ಫೈನಲ್‌ಗೂ ಬಂದರು. ಜಿಗಿಯೋಕೆ ಸಿದ್ಧವಾಗಿ ನಿಂತಾಗ, ಮೈದಾನದಲ್ಲಿ ಪದಕ ಪ್ರದಾನದ ಕಾರ್ಯಕ್ರಮ ಇದೆ, ತಡೆಯಿರಿ ಅಂದರು ಅಧಿಕಾರಿಗಳು. ಚಳಿಯಲ್ಲಿ ಕಾದರು. ಕಾರ್ಯಕ್ರಮ ಮುಗಿದ ಕೂಡಲೇ ಕರೆದರು. ತಣ್ಣಗಾದ ಮೈಯಲ್ಲೇ ಓಡಿ ಜಿಗಿದರು, ತೊಡೆಯ ಹಿಂದಿನ ಸ್ನಾಯು ಹರಿದುಹೋಯಿತು. ಅಲ್ಲಿಗೆ ಮುಗೀತು. ಆವತ್ತು ಸ್ವೀಡನ್ನಿನ ಆರ್ನೆ ಓಮನ್ ಚಿನ್ನ ಗೆದ್ದಿದ್ದು 15.40 ಮೀಟರಿಗೆ. ರೆಬೆಲ್ಲೋ ಅವರ ಜಿಗಿತಕ್ಕೂ ಅದಕ್ಕೂ ನಡುವೆ ಇದ್ದದ್ದು ಹನ್ನೊಂದು ಸೆಂಟಿಮೀಟರ್, ನನ್ನ ಅಂಗೈಯಷ್ಟು.

ನಮ್ಮ ಸೀಮೆಯ ಕಥೆಯೂ ಒಂದಿದೆ. ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದು 2007ರಲ್ಲಿ. ಅದಕ್ಕೂ ಮುಂಚೆ ಮಂಡಿಕಲ್ಲು, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಎಲ್ಲವೂ ಕೋಲಾರ ಜಿಲ್ಲೆಯೇ. ಆ ಹಳೇ ಕೋಲಾರ ಜಿಲ್ಲೆಯ ಚಿನ್ನದ ಗಣಿ ಊರಿನಿಂದ ಬಂದವರು ಕೆನೆತ್ ಪೊವೆಲ್. ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ಕೆಲಸ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಓಡಿದರು. ನಮ್ಮ 4x100 ರಿಲೇ ತಂಡ ಅಲ್ಲಿ ಸೆಮಿಫೈನಲ್ ತಲುಪಿತ್ತು. 1965ರಲ್ಲಿ ಅರ್ಜುನ ಪ್ರಶಸ್ತಿ, 1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ರಿಲೇ ಕಂಚು. ನಮ್ಮೂರ ಕಡೆ ಎಷ್ಟು ಜನಕ್ಕೆ ಈ ಹೆಸರು ಗೊತ್ತು? ಪೊವೆಲ್ ಅವರಿಗೆ ಗಣಿ ಊರಿನ ಮೈದಾನವಿತ್ತು, ಓಡೋನಿಗೆ ಕೆಲಸ ಕೊಡುವ ಕಾರ್ಖಾನೆಯಿತ್ತು. ಮಂಡಿಕಲ್ಲಿನಲ್ಲಿ ಎರಡೂ ಇರಲಿಲ್ಲ. ಇಷ್ಟೇ ವ್ಯತ್ಯಾಸ.

ಈಗಿನ ಕಾಲಕ್ಕೆ ಬರ್ತೀನಿ. ಈಗ ಬಾಗಿಲು ತೆಗೆಯೋದು ದೊಡ್ಡ ಮನುಷ್ಯನಲ್ಲ, ಗಡಿಯಾರ. ಪ್ಯಾರಿಸ್ 2024ಕ್ಕೆ ಪುರುಷರ ನೂರು ಮೀಟರ್ ಓಟದ ಅರ್ಹತಾ ಸಮಯ 10.00 ಸೆಕೆಂಡ್. ನಮ್ಮ ಯಾವ ಓಟಗಾರನೂ ಅದನ್ನು ಮುಟ್ಟಲಿಲ್ಲ. ಮೊಬೈಲ್ ಸಮಯ ಲೆಕ್ಕಕ್ಕಿಲ್ಲ. ಕೈಗಡಿಯಾರದ ಸಮಯಕ್ಕೆ ನೂರು ಮೀಟರ್‌ನಲ್ಲಿ 0.24 ಸೆಕೆಂಡ್ ಸೇರಿಸಿ ನೋಡೋದು ರೂಢಿ. ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2 ಮೀಟರ್ ದಾಟಿದರೆ ಆ ಓಟವನ್ನೂ ಪರಿಗಣಿಸಲ್ಲ.

ಈ ಗಡಿಯಾರದ ಆಟ ನೋಡಬೇಕಾದರೆ ಬೆಂಗಳೂರಿನ ಈಜುಗಾರ ಶ್ರೀಹರಿ ನಟರಾಜ್ ಅವರನ್ನು ನೋಡಿ. 2021ರ ಜೂನ್, ರೋಮ್. 100 ಮೀಟರ್ ಬ್ಯಾಕ್‌ಸ್ಟ್ರೋಕ್‌ಗೆ ಟೋಕಿಯೊದ 'ಎ' ಅರ್ಹತಾ ಸಮಯ 53.85. ಟೈಮ್ ಟ್ರಯಲ್‌ನಲ್ಲಿ ಶ್ರೀಹರಿ 53.77ರಲ್ಲಿ ಗೋಡೆ ಮುಟ್ಟಿದರು. ಉಳಿದದ್ದು ಸೆಕೆಂಡಿನ ನೂರರಲ್ಲಿ ಎಂಟು ಭಾಗ. ಅದು ಟೈಮ್ ಟ್ರಯಲ್ ಆಗಿದ್ದರಿಂದ ಅಂತರರಾಷ್ಟ್ರೀಯ ಸಂಸ್ಥೆ ಒಪ್ಪುತ್ತೋ ಇಲ್ವೋ ಅಂತ ಮತ್ತೆ ಕಾಯಬೇಕಾಯಿತು. ಕೊನೆಗೆ ಒಪ್ಪಿತು. ಮೂರು ವರ್ಷದ ನಂತರ ಪ್ಯಾರಿಸ್‌ಗೆ ಅದೇ ಸ್ಪರ್ಧೆಯ ಅರ್ಹತಾ ಸಮಯ 53.74 ಆಯ್ತು. ಟೋಕಿಯೊಗೆ ಕರೆದುಕೊಂಡು ಹೋದ ಅದೇ 53.77 ಪ್ಯಾರಿಸ್‌ಗೆ ಸಾಲದು! ನೀವು ನಿಂತಲ್ಲೇ ನಿಂತರೂ ಬಾಗಿಲು ಹಿಂದಕ್ಕೆ ಸರಿಯುತ್ತಾ ಹೋಗುತ್ತೆ.

ಪ್ಯಾರಿಸ್‌ಗೆ ಶ್ರೀಹರಿ ಹೋಗಿದ್ದು 'ಯುನಿವರ್ಸಾಲಿಟಿ' ಕೋಟಾದಲ್ಲಿ. ಜೊತೆಗೆ ಬೆಂಗಳೂರಿನ ಧಿನಿಧಿ ದೇಸಿಂಘು, ಹದಿನಾಲ್ಕರ ಬಾಲೆ, ಭಾರತ ತಂಡದಲ್ಲೇ ಅತಿ ಕಿರಿಯಳು. ಪದಕ ಬರಲಿಲ್ಲ ನಿಜ. ಆಗ ಕೆಲವರು, ಇದು ಪುಕ್ಕಟೆ ಟಿಕೆಟ್ ಅಂದರು. ಇಲ್ಲಿ ನನ್ನದೊಂದು ತಕರಾರು ಇದೆ. 1988ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಎಡ್ಡಿ ಎಡ್ವರ್ಡ್ಸ್ ಸ್ಕೀ ಜಿಗಿತದಲ್ಲಿ ಕೊನೆಯವನಾಗಿ ಬಂದ, ಜಗತ್ತು ನಕ್ಕಿತು, ಆಮೇಲೆ ನಿಯಮ ಬಿಗಿಯಾಯಿತು. 2000ದ ಸಿಡ್ನಿಯಲ್ಲಿ ಈಕ್ವಟೋರಿಯಲ್ ಗಿನಿಯ ಎರಿಕ್ ಮುಸಾಂಬಾನಿ 100 ಮೀಟರ್ ಈಜಲು 1 ನಿಮಿಷ 52 ಸೆಕೆಂಡ್ ತಗೊಂಡ. ಈಜು ಕಲಿತು ವರ್ಷ ಕೂಡ ಆಗಿರಲಿಲ್ಲ. ಕ್ರೀಡಾಂಗಣವೇ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಕೊಳ ಇಲ್ಲದ ಊರಿನವನೂ ಒಮ್ಮೆ ಆ ನೀರಿಗೆ ಇಳಿಯಲಿ ಅನ್ನೋದೇ ಆ ಕೋಟಾದ ಅರ್ಥ. ಬರೀ ವೇಗವೇ ಮುಖ್ಯ ಅಂದಿದ್ದರೆ ಚೌಗುಲೆಯನ್ನೂ 1920ರಲ್ಲಿ ಮನೆಗೇ ಕಳಿಸಬೇಕಿತ್ತು.

ಇನ್ನು ಹಳ್ಳಿಯ ಆಟ ಕಬಡ್ಡಿ. ಒಲಿಂಪಿಕ್ಸ್‌ನಲ್ಲಿ ಅದಕ್ಕೆ ಜಾಗವಿಲ್ಲ. 1990ರ ಬೀಜಿಂಗ್‌ನಿಂದ ಏಷ್ಯನ್ ಗೇಮ್ಸ್‌ನಲ್ಲಿ ಪದಕದ ಆಟವಾಯಿತು. ನಮ್ಮ ಪುರುಷರು ಸತತವಾಗಿ ಚಿನ್ನ ಗೆದ್ದರು. 2018ರ ಜಕಾರ್ತಾದಲ್ಲಿ ಇರಾನ್ ಆ ಸರಪಳಿ ಕಡಿಯಿತು. ಅವತ್ತು ನಮ್ಮೂರ ಅರಳಿಕಟ್ಟೆಯಲ್ಲಿ ಬೇಸರ ಆಗಿತ್ತು. ನನಗೆ ಒಳಗೊಳಗೇ ಸಮಾಧಾನ ಆಯ್ತು. ಬೇರೆ ದೇಶದವರು ನಮ್ಮನ್ನು ಸೋಲಿಸುವಷ್ಟು ಕಲಿತರೆ ತಾನೇ ಆ ಆಟ ಒಲಿಂಪಿಕ್ಸ್ ಕಡೆ ಹೆಜ್ಜೆ ಇಡೋದು?

ಈಗ ನನ್ನದೇ ಒಂದು ಸಣ್ಣ ಕಥೆ. ಹೈಸ್ಕೂಲಿನಲ್ಲಿ ನಾನೂ ಓಡ್ತಿದ್ದೆ. ಹೋಬಳಿ ಮಟ್ಟದ ಕ್ರೀಡಾಕೂಟ, ಸುಣ್ಣದ ಪುಡಿಯ ಗೆರೆ, ಪಿ.ಟಿ. ಮೇಷ್ಟ್ರ ಸೀಟಿ. ಇನ್ನೂರು ಮೀಟರ್‌ನಲ್ಲಿ ಮೊದಲು ಬಂದೆ. ಸಮಯ ಎಷ್ಟು ಅಂತ ಕೇಳಿದ್ದಕ್ಕೆ ಮೇಷ್ಟ್ರು, "ಫಸ್ಟ್ ಬಂದಿದ್ದೀಯಲ್ಲಪ್ಪ, ಟೈಮ್ ಯಾಕೆ?" ಅಂದರು. ತಾಲ್ಲೂಕು ಕೂಟದ ಕಾಗದ ನಮ್ಮ ಕೈ ಸೇರೋ ಹೊತ್ತಿಗೆ ಕೂಟ ಮುಗಿದು ಮೂರು ದಿನ ಆಗಿತ್ತು. ನಾನು ದೊಡ್ಡ ಓಟಗಾರ ಆಗ್ತಿದ್ದೆ ಅಂತ ಹೇಳ್ತಿಲ್ಲ. ಆಗ್ತಿರಲಿಲ್ಲ ಅನ್ನೋದು ಕೂಡ ಗೊತ್ತಾಗದೇ ಹೋಯ್ತಲ್ಲ, ಅದೇ ನೋವು.

ಆದ್ದರಿಂದ ಸರ್ಕಾರಕ್ಕೆ ನನ್ನ ಒತ್ತಾಯ ದೊಡ್ಡದೇನಲ್ಲ. ಪ್ಯಾರಿಸ್‌ಗೆ 117 ಜನರನ್ನು ಕಳಿಸಿದೆವು, ಆರು ಪದಕ ಬಂತು. ಪದಕ ಬಂದ ಮೇಲೆ ಕೋಟಿ ಕೊಡ್ತೀರಿ, ಸಂತೋಷ. ಹೋಬಳಿ ಮಟ್ಟದ ಕೂಟಕ್ಕೆ ಒಂದು ಸರಿಯಾದ ಅಳತೆ ಟೇಪು, ಒಂದು ಸರಿಯಾದ ಗಡಿಯಾರ ಕೊಡಿ. ಓಡಿದ ಪ್ರತಿ ಮಗುವಿನ ಸಮಯ ಒಂದು ಪುಸ್ತಕದಲ್ಲಿ ಬರೆದಿಡಿ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಹುಟ್ಟಿದ ಜಿಲ್ಲೆ ಇದು. ಅಳೆಯದೆ ಕಲ್ಲಿಡದ ಮನುಷ್ಯನ ಜಿಲ್ಲೆಯಲ್ಲಿ ಮಕ್ಕಳ ಓಟವನ್ನು ಹೆಜ್ಜೆಯಲ್ಲಿ ಅಳೀತಿದ್ದೀವಿ.

ಆ ಹುಡುಗನ ವಿಡಿಯೋ ನಾನು ಟೀವಿಯಲ್ಲಿ ಹಾಕಲಿಲ್ಲ. ಫೋನ್ ಮಾಡಿದವನಿಗೆ ಬೇಜಾರಾಗಿದೆ, ಗೊತ್ತು. ಅವನಿಗೆ ಹೇಳಿದ್ದು ಇಷ್ಟು: "ಒಂದು ಭಾನುವಾರ ಹುಡುಗನ್ನ ಬಸ್ ಹತ್ತಿಸಿಕೊಂಡು ಬೆಂಗಳೂರಿಗೆ ಕರ್ಕೊಂಡು ಬಾ. ಕಂಠೀರವದ ಟ್ರ್ಯಾಕಲ್ಲಿ ತಿಳಿದ ಕೋಚ್ ಒಬ್ಬರ ಮುಂದೆ ಓಡಿಸೋಣ. ಕ್ಯಾಮೆರಾ ತರಲ್ಲ. ಹನ್ನೆರಡು ಸೆಕೆಂಡ್ ಬಂದರೆ ಹನ್ನೆರಡು ಅಂತಲೇ ಬರೆದುಕೊಳ್ಳೋಣ. ಅಲ್ಲಿಂದ ಶುರು ಮಾಡೋಣ."

"ಹನ್ನೆರಡು ಬಂದ್ರೆ ಊರಲ್ಲಿ ನಗ್ತಾರೆ ಅಣ್ಣಾ," ಅಂದ.

ನಗಲಿ ಬಿಡು ಅಂದೆ. ಬಸ್ ಚಾರ್ಜು ನಂದು.