ಅಜ್ಜನ ಜರ್ಮನ್ ಹೆಲ್ಮೆಟ್: ಉಜ್ಜುವ ಮೊದಲು ಓದಿ

ಎರಡನೇ ಮಹಾಯುದ್ಧದಲ್ಲಿ ಇಟಲಿಯಲ್ಲಿ ಹೋರಾಡಿದ ಅಜ್ಜನಿಂದ ನಮ್ಮ ಪುಣೆ ಮನೆಗೆ ಬಂದ ಉಕ್ಕಿನ ಹೆಲ್ಮೆಟ್ ಇದು. ಯಾವ ಕಾಲದ್ದು ಅಂತ ಹೇಗೆ ಗೊತ್ತಾಗುತ್ತೆ?

ಗಾಳಿಕಿಂಡಿಗೆ ಬೇರೆ ಬಳೆ ಕೂರಿಸಿದ್ದರೆ 1935ರ ಮಾದರಿ. ಕಿಂಡಿಯ ಉಬ್ಬನ್ನು ಉಕ್ಕಿನಲ್ಲೇ ಒತ್ತಿದ್ದರೆ 1940ರದ್ದು. ಅಂಚನ್ನೂ ಒಳಕ್ಕೆ ಮಡಚದೆ ಬಿಟ್ಟಿದ್ದರೆ 1942ರದ್ದು. ಯುದ್ಧ ಸಾಗಿದಂತೆ ತಯಾರಿಕೆಯ ಒಂದೊಂದೇ ಹಂತ ಕೈಬಿಟ್ಟರು. ನಮ್ಮದು ಕೊನೆಯದು. ಒಳಗೆ ‘ಸಿಕೆಎಲ್ 64’ ಮುದ್ರೆ: ಥಾಲೆ ಊರಿನ ಕಾರ್ಖಾನೆ, ಚಿಪ್ಪಿನ ಅಳತೆ 64.

“ಉಜ್ಜಿ ಬಣ್ಣ ಹೊಡೆಸಿಬಿಡೋ” ಅಂದ್ರು ದೊಡ್ಡಪ್ಪ. ಬೇಡ ಅಂದೆ. ಹಿಂಬದಿಯ ಒಳಗಡೆ ಮಾಸಿದ ಬಣ್ಣದಲ್ಲಿ ಸೈನಿಕನೊಬ್ಬನ ಹೆಸರಿದೆ. ಉಜ್ಜಿದರೆ ಅದೂ ಹೋಗುತ್ತೆ. ಮೆತ್ತನೆ ಬ್ರಶ್‌ನಿಂದ ಧೂಳು ತೆಗೆದು, ಚರ್ಮಕ್ಕೆ ಎಣ್ಣೆ ಹಚ್ಚದೆ, ಸಿಲಿಕಾ ಜೆಲ್ ಜೊತೆ ಇಟ್ಟಿದ್ದೇವೆ. ಅಜ್ಜನ ನೆನಪಿನ ಜೊತೆ ಆ ಹೆಸರನ್ನು ಕಾಯೋದೂ ಈಗ ನಮ್ಮ ಪಾಲಿಗೆ ಬಂದಿದೆ.